ಆರರ ಗಡಿಯಾರದಲ್ಲಿ ನಾಲ್ಕು ಮೂಲಗಳು: ಗಣಿತ ಶಿಕ್ಷಕಿಯೊಬ್ಬರ ಆನ್‌ಲೈನ್ ಸ್ನಾತಕೋತ್ತರ ಅಧ್ಯಯನದ ಪ್ರಕರಣ

ಹಿನ್ನೆಲೆ

ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದ ಮೇಲೆ ಆನ್‌ಲೈನ್ ಸ್ನಾತಕೋತ್ತರ ಪದವಿಗೆ ಸೇರಿದ ಒಬ್ಬ ಶಿಕ್ಷಕಿಯ ಪ್ರಕರಣ ಇದು. ಆ ಕಾರ್ಯಕ್ರಮದಲ್ಲಿ ಅಸೈನ್‌ಮೆಂಟ್‌ಗಳನ್ನು ತಿದ್ದಿ ಟಿಪ್ಪಣಿ ಬರೆಯುವ ಮತ್ತು ವಾರಕ್ಕೊಮ್ಮೆ ವಿದ್ಯಾರ್ಥಿಗಳ ಸಂದೇಹಗಳಿಗೆ ಉತ್ತರಿಸುವ ಹೊಣೆ ನನ್ನದಾಗಿತ್ತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತುವಂತಹ ವಿವರಗಳನ್ನು ಕೈಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ಗಣಿತವನ್ನೂ ಅವರು ತೆಗೆದುಕೊಂಡ ನಿರ್ಧಾರಗಳನ್ನೂ ಬದಲಿಸಿಲ್ಲ.

ಶಿಕ್ಷಕಿ ತಮ್ಮ ಪದವಿಯಲ್ಲಿ ಗಣಿತವನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ್ದರು. ಶಾಲೆಯಲ್ಲಿ ಅವರ ಹೆಸರು ಚೆನ್ನಾಗಿತ್ತು. ಕಷ್ಟದ ತರಗತಿಗಳನ್ನು ಅವರಿಗೇ ವಹಿಸುತ್ತಿದ್ದರು, ಪರೀಕ್ಷೆಗಳ ಮೇಲ್ವಿಚಾರಣೆಯೂ ಅವರದೇ ಆಗಿತ್ತು. ಊರು ಬಿಟ್ಟು, ಕೆಲಸ ಬಿಟ್ಟು ಎರಡು ವರ್ಷ ಓದುವ ಅನುಕೂಲ ಅವರಿಗಿರಲಿಲ್ಲ, ಹಾಗಾಗಿ ಆನ್‌ಲೈನ್ ಕಾರ್ಯಕ್ರಮವೊಂದೇ ಉಳಿದ ದಾರಿ. ಇಂತಹ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಎರಡು ಕವಲುಗಳಿರುತ್ತವೆ. ಒಂದರಲ್ಲಿ ಬೋಧನಾ ವಿಧಾನ, ಮೌಲ್ಯಮಾಪನ, ಪಠ್ಯಕ್ರಮ ರಚನೆ ಮುಖ್ಯ; ಇನ್ನೊಂದರಲ್ಲಿ ಗಣಿತವೇ ಮುಖ್ಯ. ಅವರು ಎರಡನೆಯದನ್ನು ಆರಿಸಿಕೊಂಡರು. ಅರ್ಜಿಯ ಜೊತೆ ಬರೆದ ಪುಟದಲ್ಲಿ, ಮಕ್ಕಳು "ಏಕೆ" ಎಂದು ಕೇಳಿದಾಗ ತಾವು ಕೊಡುವ ಉತ್ತರಗಳೆಲ್ಲ ಪಠ್ಯಪುಸ್ತಕದ ಹಿಂದಿನ ಪುಟಕ್ಕೆ ಬಂದು ನಿಂತುಬಿಡುತ್ತವೆ, ಅದರಾಚೆಗಿನದು ತಮಗೂ ಗೊತ್ತಿಲ್ಲ ಎಂದು ಅವರು ಬರೆದುಕೊಂಡಿದ್ದರು. ಆ ಸಾಲನ್ನು ನಾನು ಆಗ ಓದಿದ್ದೆ, ಆದರೆ ಅದರ ತೂಕ ನನಗೆ ತಿಳಿದದ್ದು ಒಂದೂವರೆ ವರ್ಷದ ನಂತರ.

ಮೊದಲ ಅವಧಿಗೆ ಅವರು ಎರಡು ಕೋರ್ಸ್‌ಗಳನ್ನು ಒಟ್ಟಿಗೆ ತೆಗೆದುಕೊಂಡರು: ರಿಯಲ್ ಅನಾಲಿಸಿಸ್ (ಮಿತಿ, ನಿರಂತರತೆಗಳಂತಹ ಕಲನಶಾಸ್ತ್ರದ ಬುನಾದಿಯನ್ನು ಸಾಧನೆಗಳ ಸಮೇತ ಕಲಿಸುವ ಕೋರ್ಸ್) ಮತ್ತು ಸಂಖ್ಯಾಶಾಸ್ತ್ರ. ಕಾರ್ಯಕ್ರಮದ ಮಾದರಿ ವೇಳಾಪಟ್ಟಿಯೂ ಹಾಗೆಯೇ ಇತ್ತು. ಹಗಲೆಲ್ಲ ಕೆಲಸ ಮಾಡುವವರು ಆ ವೇಳಾಪಟ್ಟಿಯನ್ನು ಅನುಸರಿಸಬಲ್ಲರೇ ಎಂದು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಸಮಸ್ಯೆ

ಮೊದಲ ಎರಡು ವಾರ ಎಲ್ಲವೂ ಸರಿಯಾಗಿಯೇ ಕಂಡಿತು. ವಿಡಿಯೊ ಪಾಠಗಳನ್ನು ಅವರು ತಪ್ಪದೆ ನೋಡುತ್ತಿದ್ದರು, ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು, ಅರ್ಥವಾಗಿದೆ ಎಂದೇ ಅವರಿಗೆ ಅನ್ನಿಸುತ್ತಿತ್ತು. ತೊಂದರೆ ಮೊದಲು ಕಾಣಿಸಿಕೊಂಡದ್ದು ಎರಡನೆಯ ಅಸೈನ್‌ಮೆಂಟ್‌ನಲ್ಲಿ. ಅಭಿಸರಿಸುವ (ಒಂದು ಬೆಲೆಗೆ, ಅಂದರೆ ತನ್ನ ಮಿತಿಗೆ, ಎಷ್ಟು ಬೇಕಾದರೂ ಹತ್ತಿರವಾಗುತ್ತ ಹೋಗುವ) ಪ್ರತಿ ಅನುಕ್ರಮವೂ ಪರಿಬದ್ಧವಾಗಿರುತ್ತದೆ, ಅಂದರೆ ಅದರ ಯಾವ ಪದವೂ ಒಂದು ನಿಗದಿತ ಎಲ್ಲೆಯನ್ನು ಮೀರುವುದಿಲ್ಲ, ಎಂದು ಸಾಧಿಸಬೇಕಿತ್ತು. ಅವರು ಬರೆದದ್ದು ಹೀಗೆ: ಒಂದು ಹಂತ ದಾಟಿದ ಮೇಲೆ ಅನುಕ್ರಮದ ಎಲ್ಲ ಪದಗಳೂ ಮಿತಿಯ ಬೆಲೆಯಿಂದ 1ಕ್ಕಿಂತ ಕಡಿಮೆ ದೂರದಲ್ಲಿರುತ್ತವೆ, ಆದ್ದರಿಂದ ಅನುಕ್ರಮವು ಪರಿಬದ್ಧವಾಗಿದೆ.

ಇದರಲ್ಲಿ ಮುಖ್ಯ ವಿಚಾರ ಸರಿಯಾಗಿದೆ, ಒಂದು ಹೆಜ್ಜೆ ತಪ್ಪಿದೆ. ಆ ಹಂತಕ್ಕಿಂತ ಮೊದಲಿನ ಪದಗಳು ಎಲ್ಲಿ ಬೇಕಾದರೂ ಇರಬಹುದು. ಅವುಗಳ ಸಂಖ್ಯೆ ಸಾಂತವಾಗಿರುವುದರಿಂದ ಅವುಗಳಲ್ಲಿ ನಿರಪೇಕ್ಷ ಬೆಲೆ ಅತಿ ದೊಡ್ಡದಾಗಿರುವುದನ್ನು ಹೆಕ್ಕಿ ತೆಗೆದು ಲೆಕ್ಕಕ್ಕೆ ಸೇರಿಸಬಹುದು ಎಂದು ಹೇಳಿದರೆ ಸಾಧನೆ ಪೂರ್ಣವಾಗುತ್ತದೆ. ನಾನು ಅಂಚಿನಲ್ಲಿ "ಮೊದಲಿನ ಪದಗಳ ಗತಿ?" ಎಂದಷ್ಟೇ ಬರೆದು ಅರ್ಧ ಅಂಕ ಕೊಟ್ಟೆ. ಎದುರು ಕುಳಿತು ಕೇಳಿದ್ದರೆ ಆ ಪ್ರಶ್ನೆ ಅವರನ್ನು ಮುಂದಿನ ಹೆಜ್ಜೆಗೆ ಕರೆದೊಯ್ಯುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕುಳಿತು ಪರದೆಯ ಮೇಲೆ ಓದಿದಾಗ ಅದು ಗದರಿಕೆಯಂತೆ ಕೇಳಿಸಿತು ಎಂದು ಅವರು ಬಹಳ ಕಾಲದ ಮೇಲೆ ನನಗೆ ಹೇಳಿದರು. ಆನ್‌ಲೈನ್ ಕಲಿಕೆಯಲ್ಲಿ ಮುಖಭಾವವಾಗಲಿ ದನಿಯ ಏರಿಳಿತವಾಗಲಿ ಕಲಿಯುವವರಿಗೆ ತಲುಪುವುದಿಲ್ಲ; ತಲುಪುವುದು ಬರೆದ ಪದಗಳು ಮಾತ್ರ. ಆ ಮೂರು ಪದಗಳ ತಪ್ಪು ನನ್ನದು.

ಅವಧಿಯ ನಡುವಿನ ಪರೀಕ್ಷೆ ಕ್ಯಾಮೆರಾದ ಮುಂದೆ ಎರಡು ಗಂಟೆಗಳ ಕಾಲ ನಡೆಯಿತು. ಅವರಿಗೆ ನೂರಕ್ಕೆ 34 ಬಂತು. ಒಂದು ಪ್ರಶ್ನೆ ಫಲನದ ನಿರಂತರತೆ ಮತ್ತು ಏಕರೂಪ ನಿರಂತರತೆಗಳ ನಡುವಿನ ವ್ಯತ್ಯಾಸವನ್ನು ಕೇಳಿತ್ತು. ಎರಡಕ್ಕೂ ಅವರು ಬಹುತೇಕ ಒಂದೇ ಸಾಲನ್ನು ಬರೆದಿದ್ದರು: ಎಪ್ಸಿಲಾನ್ (ಫಲನದ ಬೆಲೆಯಲ್ಲಿ ಸಹಿಸಬಹುದಾದ ವ್ಯತ್ಯಾಸ) ಇತ್ತು, ಡೆಲ್ಟಾ (ಅದಕ್ಕಾಗಿ ಬಿಂದುವಿಗೆ ಎಷ್ಟು ಹತ್ತಿರವಿರಬೇಕು ಎಂಬ ಅಳತೆ) ಇತ್ತು, "ಪ್ರತಿ" ಇತ್ತು, "ಒಂದು" ಇತ್ತು, ಯಾವುದು ಮೊದಲು, ಯಾವುದು ನಂತರ ಎಂಬುದು ಮಾತ್ರ ಅದಲುಬದಲಾಗಿತ್ತು. ನೆನಪಿನಿಂದ ಎತ್ತಿ ಬರೆದ ವ್ಯಾಖ್ಯೆಯ ಲಕ್ಷಣವೇ ಅದು. ಪದವಿಯ ದಿನಗಳಲ್ಲಿ ಅವರು ಸಾಧನೆಗಳನ್ನು ಬಾಯಿಪಾಠ ಮಾಡಿ ಬರೆದು ಅಂಕ ಗಳಿಸಿದ್ದರು. ತಮಗೆ ಮೊದಲೇ ಗೊತ್ತಿಲ್ಲದ ಒಂದು ಮಾತನ್ನು ತಾವೇ ಸಾಧಿಸುವ ಸಂದರ್ಭ ಅವರಿಗೆ ಒಮ್ಮೆಯೂ ಬಂದಿರಲಿಲ್ಲ. ಇದು ಅವರೊಬ್ಬರ ಕಥೆಯಲ್ಲ. ಪ್ರವೇಶದ ಹೊತ್ತಿನಲ್ಲಿ ನಾವು ಹಳೆಯ ಅಂಕಪಟ್ಟಿ ನೋಡುತ್ತಿದ್ದೆವು, ಈ ಒಂದು ಸಂಗತಿ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಅವರು ಮೊದಲು ಮಾಡಿದ್ದು ಶ್ರಮವಹಿಸುವ ಯಾರೇ ಆದರೂ ಮಾಡುವುದನ್ನೇ: ಓದುವ ಸಮಯ ಹೆಚ್ಚಿಸಿದರು. ರಾತ್ರಿ ಹನ್ನೊಂದರಿಂದ ಒಂದರವರೆಗೆ ಓದು, ಬೆಳಿಗ್ಗೆ ಮತ್ತೆ ಶಾಲೆ. ವಿಡಿಯೊಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಎರಡೆರಡು ಸಲ ನೋಡಿದರು. ಇದರಿಂದ ಆದ ಲಾಭ ತೀರಾ ಕಡಿಮೆ, ಏಕೆಂದರೆ ಕೊರತೆ ಇದ್ದದ್ದು ನೋಡುವುದರಲ್ಲಲ್ಲ. ಇನ್ನೊಬ್ಬರು ಸರಾಗವಾಗಿ ಬರೆಯುವ ಸಾಧನೆಯನ್ನು ನೋಡುತ್ತ ಹೋದಾಗ ಪ್ರತಿ ಹೆಜ್ಜೆಯೂ ಸಹಜವಾಗಿ ಕಾಣುತ್ತದೆ. ಆ ಹೆಜ್ಜೆ ಅಲ್ಲಿಗೆ ಹೇಗೆ ಬಂತು, ಅದಕ್ಕೆ ಮೊದಲು ಎಷ್ಟು ಹೆಜ್ಜೆಗಳು ಹಾದಿ ತಪ್ಪಿದ್ದವು ಎಂಬುದು ವಿಡಿಯೊದಲ್ಲಿ ಇರುವುದಿಲ್ಲ.

ಎರಡನೆಯ ಪ್ರಯತ್ನ ಇನ್ನೂ ಹಾನಿಕರವಾಯಿತು. ಅಸೈನ್‌ಮೆಂಟ್‌ನ ಲೆಕ್ಕ ಅರ್ಧ ಗಂಟೆಯಲ್ಲಿ ಬಗೆಹರಿಯದಿದ್ದರೆ ಅಂತರಜಾಲದಲ್ಲಿ ಸಿಗುವ ಪರಿಹಾರವನ್ನು ಓದಿ, ಪುಸ್ತಕ ಮುಚ್ಚಿ, ತಮ್ಮ ಮಾತಿನಲ್ಲಿ ಬರೆಯತೊಡಗಿದರು. ಇದರಲ್ಲಿ ಅವರಿಗೆ ಮೋಸದ ಉದ್ದೇಶವಿರಲಿಲ್ಲ. ಶಾಲೆಯ ಮಕ್ಕಳಿಗೂ ಬಿಡಿಸಿದ ಮಾದರಿ ಲೆಕ್ಕ ನೋಡಿ ಕಲಿಯಿರಿ ಎಂದೇ ಅವರು ಹೇಳುತ್ತಿದ್ದರು. ಅಸೈನ್‌ಮೆಂಟ್‌ನ ಅಂಕಗಳು ಏರಿದವು, ನನಗೂ ಸಮಾಧಾನವಾಯಿತು. ವಾರದ ಚರ್ಚೆಯಲ್ಲಿ ಅವರೇ ಬರೆದಿದ್ದ ಒಂದು ಸಾಧನೆಯ ಮೂರನೆಯ ಸಾಲು ಏಕೆ ಬೇಕು ಎಂದು ಕೇಳಿದಾಗ ಅವರು ಸುಮ್ಮನಾದರು. ಅಂಕಗಳು ಸುಳ್ಳು ಹೇಳುತ್ತಿದ್ದವು ಎಂದು ಇಬ್ಬರಿಗೂ ಆಗ ತಿಳಿಯಿತು.

ಈ ನಡುವೆ ಗಣಿತ ಬರಹವನ್ನು ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನಲ್ಲಿ ಬೆರಳಚ್ಚು ಮಾಡಿ ಕೊಡಬೇಕೆಂಬ ನಿಯಮಕ್ಕಾಗಿ ಅವರ ಮೂರು ವಾರಗಳ ಸಂಜೆಗಳು ಹೋದವು. ಗಣಿತ ಬರೆಯುವವರಿಗೆ ಅದು ಕಲಿಯಲೇಬೇಕಾದ ಸಾಧನ ಎಂಬುದನ್ನು ನಾನು ಒಪ್ಪುತ್ತೇನೆ. ಸಾಧನೆ ಬರೆಯಲು ಕಲಿಯುತ್ತಿರುವ ವಾರಗಳಲ್ಲಿಯೇ ಅದನ್ನೂ ಹೇರಬೇಕಿರಲಿಲ್ಲ. ಕೈಬರಹದ ಪುಟದ ಫೋಟೊ ಸಾಕಿತ್ತು. ಕೈಬರಹದಲ್ಲಿ ಹೊಡೆದುಹಾಕಿದ ಸಾಲುಗಳು ಉಳಿದಿರುತ್ತವೆ, ತಿದ್ದುವವರಿಗೆ ಯೋಚನೆಯ ಜಾಡು ಸಿಗುವುದೇ ಆ ಸಾಲುಗಳಲ್ಲಿ.

ಮೊದಲ ತಿರುವು: ಕೋರ್ಸ್ ಬಿಡುವ ನಿರ್ಧಾರ

ಹಿಂದೆ ಸರಿಯಲು ಕೊನೆಯ ದಿನ ಹತ್ತಿರ ಬಂದಾಗ ಅವರ ಮುಂದೆ ಮೂರು ದಾರಿಗಳಿದ್ದವು. ಕಾರ್ಯಕ್ರಮವನ್ನೇ ಬಿಡುವುದು, ಬೋಧನಾ ವಿಧಾನದ ಕವಲಿಗೆ ಬದಲಾಯಿಸಿಕೊಳ್ಳುವುದು, ಅನಾಲಿಸಿಸ್ ಅನ್ನು ಸದ್ಯಕ್ಕೆ ಬಿಟ್ಟು, ಅವಧಿಗೆ ಒಂದೇ ಕೋರ್ಸ್‌ನಂತೆ ಮುಂದುವರಿಯುವುದು. ಕಾರ್ಯಕ್ರಮದ ಕಡೆಯಿಂದ ಬಂದ ಸಲಹೆ ಎರಡನೆಯದು. ಅದು ಕೆಟ್ಟ ಉದ್ದೇಶದ ಸಲಹೆಯೇನಲ್ಲ, ಅನೇಕರಿಗೆ ಆ ಕವಲು ನಿಜವಾಗಿಯೂ ಹೊಂದುತ್ತದೆ. ಆದರೆ ಇವರು ಬಂದದ್ದು "ಏಕೆ" ಎಂಬ ಪ್ರಶ್ನೆಯ ಬೆನ್ನು ಹತ್ತಿ. ಕಷ್ಟವಾಯಿತೆಂಬ ಒಂದೇ ಕಾರಣಕ್ಕೆ ಆ ಪ್ರಶ್ನೆಯಿಂದ ದೂರ ಸಾಗಿಸುವುದು ಅವರಿಗೆ ಮಾಡುವ ಉಪಕಾರವಲ್ಲ ಎಂದು ನನಗೆ ಅನ್ನಿಸಿತು, ಹಾಗೆಂದು ಹೇಳಿದೆ. ಅವರು ಮೂರನೆಯದನ್ನು ಆರಿಸಿಕೊಂಡರು. ಎರಡು ವರ್ಷದ ಪದವಿ ನಾಲ್ಕು ವರ್ಷಕ್ಕೆ ಹಿಗ್ಗುತ್ತದೆ ಎಂದು ಗೊತ್ತಿದ್ದೇ ಹಾಗೆ ಮಾಡಿದರು. ಪರೀಕ್ಷೆಗಳ ಮೇಲ್ವಿಚಾರಣೆಯ ಹೊಣೆಯನ್ನೂ ಆ ವರ್ಷ ಬಿಟ್ಟುಕೊಟ್ಟರು. ಶಾಲೆಯಲ್ಲಿ ಅದಕ್ಕೊಂದು ಗೌರವವಿತ್ತು, ಬಿಡುವುದು ಸುಲಭವಾಗಿರಲಿಲ್ಲ.

ಎರಡನೆಯ ಬದಲಾವಣೆ ಸಣ್ಣದಾಗಿ ಕಂಡರೂ ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಮುಖ್ಯ. ಅದೇ ಕಾರ್ಯಕ್ರಮದಲ್ಲಿ ಬೇರೊಂದು ಶಾಲೆಯ ಶಿಕ್ಷಕರೊಬ್ಬರು ಇವರಷ್ಟೇ ಪರದಾಡುತ್ತಿದ್ದರು. ಇಬ್ಬರನ್ನೂ ವಾರಕ್ಕೊಮ್ಮೆ ನಲವತ್ತು ನಿಮಿಷ ವಿಡಿಯೊ ಕರೆಯಲ್ಲಿ ಕೂರಿಸಿ, ನಡುವೆ ಒಂದು ಹಂಚಿಕೆಯ ಬಿಳಿಹಲಗೆ ಇಟ್ಟೆವು. ನಿಯಮ ಒಂದೇ: ಒಬ್ಬರು ಸಾಧನೆಯನ್ನು ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು, ಬರೆಯುವವರಿಗೆ ಒಪ್ಪಿಗೆಯಾಗದ ಮಾತನ್ನು ಅವರು ಬರೆಯಬಾರದು. ಮೊದಲ ಕೆಲವು ವಾರ ಎರಡು ಸಾಲಿಗಿಂತ ಮುಂದೆ ಹೋಗಲಿಲ್ಲ.

ನಾಲ್ಕನೆಯ ವಾರವೋ ಐದನೆಯ ವಾರವೋ, ಬಿಳಿಹಲಗೆಯ ಮೇಲೆ ಶಿಕ್ಷಕಿ ತಮ್ಮಷ್ಟಕ್ಕೆ ತಾವೇ ನಾಲ್ಕು ಪದಗಳನ್ನು ಒಂದರ ಕೆಳಗೆ ಒಂದು ಬರೆದರು: ದತ್ತ, ಸಾಧನೀಯ, ರಚನೆ, ಸಾಧನೆ. ರೇಖಾಗಣಿತದ ಪ್ರಮೇಯ ಬರೆಯುವಾಗ ಮಕ್ಕಳಿಂದ ತಪ್ಪದೆ ಬರೆಯಿಸುವ ಶೀರ್ಷಿಕೆಗಳು ಅವು. ಹದಿನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದ ಆ ಚೌಕಟ್ಟು ತಮ್ಮ ಸ್ನಾತಕೋತ್ತರ ಓದಿಗೂ ಅನ್ವಯಿಸುತ್ತದೆ ಎಂದು ಅವರಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ದತ್ತದ ಕೆಳಗೆ ಏನಿದೆ ಎಂದು ಬರೆದ ಕೂಡಲೇ, ಏನನ್ನು ಬಳಸಬಹುದು, ಏನನ್ನು ಬಳಸುವಂತಿಲ್ಲ ಎಂಬುದು ಬೇರೆಬೇರೆಯಾಯಿತು. ಅನಾಲಿಸಿಸ್‌ನಲ್ಲಿ ಡೆಲ್ಟಾವನ್ನು ಹುಡುಕಿ ತೆಗೆಯುವ ಕೆಲಸವೇ "ರಚನೆ" ಎಂದು ಜೊತೆಗಾರರು ಹೇಳಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪೂರಕ ರೇಖೆಯೊಂದನ್ನು ಎಳೆಯದೆ ತ್ರಿಭುಜದ ಪ್ರಮೇಯ ಬಗೆಹರಿಯದಿರುವಂತೆ, ಡೆಲ್ಟಾವನ್ನು ನಾವೇ ಕಟ್ಟಿ ನಿಲ್ಲಿಸದೆ ಮಿತಿಯ ಪ್ರಮೇಯ ಬಗೆಹರಿಯುವುದಿಲ್ಲ.

1908ರಲ್ಲಿ ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಶಿಕ್ಷಕರಿಗಾಗಿ ಬರೆಯುತ್ತ "ಎರಡು ಬಾರಿಯ ಬಿರುಕು" ಎಂಬ ಅರ್ಥದ ಮಾತನ್ನು ಬಳಸಿದರು. ವಿಶ್ವವಿದ್ಯಾಲಯಕ್ಕೆ ಕಾಲಿಟ್ಟಾಗ ಶಾಲೆಯ ಗಣಿತವನ್ನು ಮರೆಯಬೇಕಾಗುತ್ತದೆ, ಶಿಕ್ಷಕರಾಗಿ ಶಾಲೆಗೆ ಮರಳಿದಾಗ ವಿಶ್ವವಿದ್ಯಾಲಯದ ಗಣಿತವನ್ನು ಮರೆಯಬೇಕಾಗುತ್ತದೆ ಎಂಬುದು ಅವರ ಕಳವಳವಾಗಿತ್ತು. ಕೆಲಸದಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಓದುವವರು ಈ ಬಿರುಕನ್ನು ಜೀವಮಾನದಲ್ಲಿ ಎರಡು ಸಲವಲ್ಲ, ದಿನಕ್ಕೆ ಎರಡು ಸಲ ದಾಟುತ್ತಾರೆ. ಬೆಳಿಗ್ಗೆಯ ಗಣಿತಕ್ಕೂ ರಾತ್ರಿಯ ಗಣಿತಕ್ಕೂ ನಂಟೇ ಇಲ್ಲದಿದ್ದರೆ ಒಂದು ಇನ್ನೊಂದರ ಸಮಯವನ್ನು ಕಬಳಿಸುತ್ತದೆ. ಆ ನಾಲ್ಕು ಪದಗಳು ಎರಡರ ನಡುವಿನ ಸೇತುವೆಯ ಮೊದಲ ಹಲಗೆಯಾದವು.

ಎರಡನೆಯ ತಿರುವು: ಎಂಟರಲ್ಲಿ ಮುರಿದ ಊಹೆ

ಮುಂದಿನ ಅವಧಿಯಲ್ಲಿ ಅವರು ಅಮೂರ್ತ ಬೀಜಗಣಿತವನ್ನು ಮಾತ್ರ ತೆಗೆದುಕೊಂಡರು. ಶೇಷಗಳ ಅಂಕಗಣಿತ ಅದರ ಆರಂಭದಲ್ಲೇ ಬರುತ್ತದೆ. ಆರು ಗಂಟೆಗಳಷ್ಟೇ ಇರುವ ಗಡಿಯಾರವನ್ನು ಊಹಿಸಿಕೊಂಡರೆ, ಅಲ್ಲಿ ಇರುವ ಸಂಖ್ಯೆಗಳು 0ಯಿಂದ 5ರವರೆಗೆ. ಯಾವುದೇ ಉತ್ತರವನ್ನು 6ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಅಸೈನ್‌ಮೆಂಟ್‌ನಲ್ಲಿ ಶಾಲೆಯ ಪಠ್ಯಪುಸ್ತಕದಿಂದಲೇ ಎತ್ತಿದಂತಹ ಒಂದು ವರ್ಗ ಸಮೀಕರಣವಿತ್ತು: ಎಕ್ಸ್ ವರ್ಗದಿಂದ ಐದು ಎಕ್ಸ್ ಕಳೆದು 6 ಕೂಡಿದರೆ 0. ಅಪವರ್ತಿಸಿದರೆ, ಎಕ್ಸ್‌ನಿಂದ 2 ಕಳೆದದ್ದು ಮತ್ತು ಎಕ್ಸ್‌ನಿಂದ 3 ಕಳೆದದ್ದು ಇವೆರಡರ ಗುಣಲಬ್ಧ 0. ಮೂಲಗಳು 2 ಮತ್ತು 3 ಎಂದು ಹತ್ತನೆಯ ತರಗತಿಯ ಮಗುವೂ ಹೇಳುತ್ತದೆ. ಆರರ ಗಡಿಯಾರದಲ್ಲಿ 0 ಮತ್ತು 5 ಕೂಡ ಮೂಲಗಳು. 5ನ್ನು ಹಾಕಿ ನೋಡಿದರೆ 3 ಮತ್ತು 2 ಸಿಗುತ್ತವೆ, ಗುಣಲಬ್ಧ 6, ಅಂದರೆ ಆ ಗಡಿಯಾರದಲ್ಲಿ 0. ವರ್ಗ ಸಮೀಕರಣಕ್ಕೆ ನಾಲ್ಕು ಮೂಲಗಳು!

ಅವರು ಮರುದಿನ ಇದನ್ನು ತರಗತಿಗೆ ಕೊಂಡೊಯ್ದರು. ಅದಕ್ಕೆ ಒಂದು ಕಾರಣವಿತ್ತು. ಅವರ ವಿದ್ಯಾರ್ಥಿಗಳು ಪ್ರತಿವರ್ಷ ಒಂದೇ ತಪ್ಪು ಮಾಡುತ್ತಿದ್ದರು: ಆ ಎರಡು ಅಪವರ್ತನಗಳ ಗುಣಲಬ್ಧ 0 ಆಗುವ ಬದಲು 6 ಎಂದು ಕೊಟ್ಟರೆ, ಒಂದೊಂದನ್ನೂ 6ಕ್ಕೆ ಸಮೀಕರಿಸಿ 8 ಮತ್ತು 9 ಎಂದು ಉತ್ತರ ಬರೆಯುತ್ತಿದ್ದರು. ಸರಿಯಾದ ಉತ್ತರಗಳು 0 ಮತ್ತು 5. ಗುಣಲಬ್ಧ 0 ಆದಾಗ ಮಾತ್ರ ಒಂದು ಅಪವರ್ತನ 0 ಆಗಲೇಬೇಕು, ಈ ಹಕ್ಕು ಬೇರೆ ಯಾವ ಸಂಖ್ಯೆಗೂ ಇಲ್ಲ ಎಂದು ಅವರು ಎಷ್ಟು ಸಲ ಹೇಳಿದರೂ ಅದು ಮಕ್ಕಳಿಗೆ ಒಂದು ನಿಯಮವಾಗಿಯೇ ಉಳಿಯುತ್ತಿತ್ತು. ಆರರ ಗಡಿಯಾರದಲ್ಲಿ 0 ಕೂಡ ಆ ಹಕ್ಕನ್ನು ಕಳೆದುಕೊಳ್ಳುತ್ತದೆ. ಕಳೆದುಕೊಂಡಾಗ ಅದರ ಬೆಲೆ ಕಾಣುತ್ತದೆ. ಒಬ್ಬ ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಗುಣಲಬ್ಧ 6 ಎಂದಾಗ ಬಂದ 0 ಮತ್ತು 5 ಎಂಬ ಉತ್ತರಗಳೇ ಗಡಿಯಾರದಲ್ಲಿ ಹೊಸದಾಗಿ ಬಂದ ಮೂಲಗಳು, ಏಕೆಂದರೆ ಅಲ್ಲಿ 6 ಅಂದರೂ 0 ಅಂದರೂ ಒಂದೇ ಎಂದು ಹೇಳಿದಳು. ಶಿಕ್ಷಕಿಗೆ ಅದು ಹೊಳೆದಿರಲಿಲ್ಲ.

ಅದೇ ಹುಡುಗಿ ಬೇರೆ ಗಡಿಯಾರಗಳನ್ನೂ ಲೆಕ್ಕ ಹಾಕಿದಳು. ಏಳರಲ್ಲಿ 2 ಮತ್ತು 3 ಮಾತ್ರ. ಹತ್ತರಲ್ಲಿ 2, 3, 7, 8. ಹನ್ನೆರಡರಲ್ಲಿ 2, 3, 6, 11. ಗಡಿಯಾರದ ಸಂಖ್ಯೆ ಅವಿಭಾಜ್ಯವಾಗಿದ್ದರೆ ಎರಡು ಮೂಲ, ಇಲ್ಲದಿದ್ದರೆ ನಾಲ್ಕು ಎಂದು ಊಹೆ ಮಾಡಿ ಹಲಗೆಯ ಮೇಲೆ ಬರೆದಳು. ಹಿಂದಿನ ಸಾಲಿನಿಂದ ಇನ್ನೊಬ್ಬ ಎಂಟನ್ನು ಪರೀಕ್ಷಿಸಿ, ಅಲ್ಲಿ ಎರಡೇ ಇವೆ ಎಂದ. ಎಂಟು ಅವಿಭಾಜ್ಯವಲ್ಲ. ಊಹೆ ಮುರಿಯಿತು, ಎಲ್ಲರೂ ಶಿಕ್ಷಕಿಯ ಕಡೆ ನೋಡಿದರು.

ತಮಗೆ ಗೊತ್ತಿಲ್ಲ ಎಂದು ಅವರು ಹೇಳಿದರು. ಹದಿನಾಲ್ಕು ವರ್ಷಗಳಲ್ಲಿ ಹಲಗೆಯ ಮುಂದೆ ನಿಂತು ಆ ಮಾತನ್ನು ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು ಎಂದು ಅವರು ನನಗೆ ಬರೆದ ಪತ್ರದಲ್ಲಿತ್ತು.

ಆ ವಾರದ ಬಿಳಿಹಲಗೆಯ ಮೇಲೆ ಕೋರ್ಸ್‌ನ ಲೆಕ್ಕದ ಬದಲು ಈ ಪ್ರಶ್ನೆಯೇ ಬಂತು. ದತ್ತ, ಸಾಧನೀಯ ಎಂದು ಬರೆದು ಇಬ್ಬರೂ ಕುಳಿತರು. ಅಂದು ನಾನೂ ಕರೆಯಲ್ಲಿದ್ದೆ. ಉತ್ತರ ನನಗೆ ತಿಳಿದಿತ್ತು, ಬಾಯಿ ಬಿಡಲಿಲ್ಲ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಬಹುಶಃ ಅದೇ. ಅರ್ಧ ಗಂಟೆಯ ಮೇಲೆ ಶಿಕ್ಷಕಿ, ಈ ಎರಡು ಅಪವರ್ತನಗಳು ಯಾವಾಗಲೂ ಅಕ್ಕಪಕ್ಕದ ಸಂಖ್ಯೆಗಳಲ್ಲವೇ ಎಂದು ಕೇಳಿದರು. ಅಕ್ಕಪಕ್ಕದ ಸಂಖ್ಯೆಗಳಿಗೆ 1ನ್ನು ಬಿಟ್ಟು ಸಾಮಾನ್ಯ ಭಾಜಕವಿಲ್ಲ. ಎಂಟು ಅಂದರೆ ಮೂರು ಎರಡುಗಳ ಗುಣಲಬ್ಧ. ಎರಡೂ ಅಪವರ್ತನಗಳು ಸಮಸಂಖ್ಯೆಗಳಾಗಲಾರವು, ಹಾಗಾಗಿ ಆ ಮೂರು ಎರಡುಗಳೂ ಒಂದೇ ಕಡೆ ಸೇರಬೇಕು. ಆರರಲ್ಲಿ 2 ಒಂದು ಕಡೆ, 3 ಇನ್ನೊಂದು ಕಡೆ ಹೋಗಬಹುದು, ಆದ್ದರಿಂದ ನಾಲ್ಕು ಬಗೆ. ಎಣಿಸಬೇಕಾದದ್ದು ಗಡಿಯಾರದ ಸಂಖ್ಯೆಯಲ್ಲಿ ಬೇರೆಬೇರೆ ಅವಿಭಾಜ್ಯಗಳು ಎಷ್ಟಿವೆ ಎಂಬುದನ್ನು. ಪ್ರತಿ ಅವಿಭಾಜ್ಯಕ್ಕೂ ಎರಡು ಆಯ್ಕೆ. ಮೂವತ್ತರ ಗಡಿಯಾರದಲ್ಲಿ 2, 3, 5 ಮೂರೂ ಇರುವುದರಿಂದ ಎಂಟು ಮೂಲಗಳಿರಬೇಕು ಎಂದು ಅವರು ಮೊದಲೇ ಹೇಳಿ, ಆಮೇಲೆ ಒಂದೊಂದಾಗಿ ಹಾಕಿ ನೋಡಿದರು. ಎಂಟೇ ಇದ್ದವು.

ಪ್ರತಿ ಆಯ್ಕೆಗೂ ಒಂದು ಮೂಲ ಇದ್ದೇ ಇರುತ್ತದೆ ಎಂಬುದನ್ನು ಅವರು ಅಂದು ಸಾಧಿಸಲಾಗಲಿಲ್ಲ. ಅದಕ್ಕೆ ಬೇಕಾದ ಚೀನೀ ಶೇಷ ಪ್ರಮೇಯ (ಪರಸ್ಪರ ಸಾಮಾನ್ಯ ಅಪವರ್ತನವಿಲ್ಲದ ಭಾಜಕಗಳಿಗೆ ನಾವು ಬಯಸಿದ ಶೇಷಗಳನ್ನೆಲ್ಲ ಒಟ್ಟಿಗೆ ಕೊಡುವ ಸಂಖ್ಯೆಯೊಂದು ಇದ್ದೇ ಇರುತ್ತದೆ ಎಂಬುದು) ಕೋರ್ಸ್‌ನಲ್ಲಿ ಎರಡು ವಾರದ ನಂತರ ಬಂತು. ಅಷ್ಟು ಹೊತ್ತಿಗೆ ಆ ಪ್ರಮೇಯ ಅವರಿಗೆ ಪಠ್ಯಕ್ರಮದ ಒಂದು ಅಂಶವಾಗಿರಲಿಲ್ಲ. ತಾವು ಬಿಟ್ಟು ಬಂದ ಜಾಗಕ್ಕೆ ಅದು ತಾನಾಗಿ ಬಂದು ಕೂತಿತು.

ಅನಾಲಿಸಿಸ್‌ಗೆ ಮರಳಿದ್ದು

ಮೂರನೆಯ ವರ್ಷದಲ್ಲಿ ಅವರು ಅನಾಲಿಸಿಸ್ ಅನ್ನು ಮತ್ತೆ ತೆಗೆದುಕೊಂಡರು. ಈ ಬಾರಿ ಏಕರೂಪ ನಿರಂತರತೆಯ ಪಾಠ ಬಂದಾಗ ಅವರೇ ಒಂದು ಜೋಡಿ ವಾಕ್ಯಗಳನ್ನು ಮಾಡಿಕೊಂಡಿದ್ದರು: ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ, ಎಲ್ಲ ಬೀಗಗಳಿಗೂ ಒಂದೇ ಕೀಲಿಕೈ ಇದೆ. ಬಿಂದುವಿನಿಂದ ಬಿಂದುವಿಗೆ ಡೆಲ್ಟಾ ಬದಲಾಗಬಹುದಾದರೆ ಅದು ನಿರಂತರತೆ, ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಾಕಾದರೆ ಅದು ಏಕರೂಪ ನಿರಂತರತೆ. "ಒಂದು" ಮತ್ತು "ಒಂದೇ" ಪದಗಳ ನಡುವೆ ಇರುವ ಆ ಒಂದು ಏಕಾರದಲ್ಲಿ ಇಡೀ ವ್ಯತ್ಯಾಸ ಅಡಗಿದೆ. ಎರಡು ವರ್ಷ ಹಿಂದೆ ಅವರಿಗೆ ಅಂಕ ಕಳೆದ ಪ್ರಶ್ನೆ ಇದೇ.

ಈ ತೊಡಕು ಅವರೊಬ್ಬರದಲ್ಲ ಎಂದು ತಿಳಿಸುವುದಕ್ಕಾಗಿ ನಾನು ಆಗ ಒಂದು ಇತಿಹಾಸದ ಸಂಗತಿಯನ್ನು ಹಂಚಿಕೊಂಡೆ. 1821ರಲ್ಲಿ ಫ್ರಾನ್ಸಿನ ಗಣಿತಜ್ಞ ಕೋಶಿ, ನಿರಂತರ ಫಲನಗಳ ಅಭಿಸರಿಸುವ ಶ್ರೇಣಿಯ ಮೊತ್ತವೂ ನಿರಂತರವೇ ಎಂಬ ಪ್ರಮೇಯವನ್ನು ಸಾಧನೆಯ ಸಮೇತ ಪ್ರಕಟಿಸಿದ್ದರು. 1826ರಲ್ಲಿ ನಾರ್ವೆಯ ಗಣಿತಜ್ಞ ಆಬೆಲ್ ಅದಕ್ಕೆ ಅಪವಾದವಿದೆ ಎಂದು ತೋರಿಸಿದರು. ಅಲ್ಲಿಯೂ ಕೊರತೆ ಇದ್ದದ್ದು ಏಕರೂಪತೆಯದು. ಅನಾಲಿಸಿಸ್‌ಗೆ ಅಡಿಪಾಯ ಹಾಕಿದವರೇ ತಡವರಿಸಿದ ಜಾಗದಲ್ಲಿ ತಾವೂ ತಡವರಿಸಿದ್ದೇನೆ ಎಂಬ ಅರಿವು ಕಲಿಯುವವರ ಬೆನ್ನು ನೆಟ್ಟಗೆ ಮಾಡುತ್ತದೆ.

ಅವರನ್ನು ಹೆಚ್ಚು ತಟ್ಟಿದ್ದು ಇನ್ನೊಂದು. ಜರ್ಮನಿಯ ಗಣಿತಜ್ಞ ಡೆಡೆಕಿಂಡ್ 1858ರಲ್ಲಿ ಜ್ಯೂರಿಚ್‌ನ ಪಾಲಿಟೆಕ್ನಿಕ್‌ನಲ್ಲಿ ಮೊದಲ ಬಾರಿಗೆ ಕಲನಶಾಸ್ತ್ರದ ಮೂಲಪಾಠಗಳನ್ನು ಕಲಿಸಬೇಕಾಗಿ ಬಂದಾಗ, ವಾಸ್ತವ ಸಂಖ್ಯೆಗಳಿಗೆ ಗಟ್ಟಿಯಾದ ನೆಲೆ ಇಲ್ಲ ಎಂಬುದು ಅವರನ್ನು ಕಾಡಿತು. ಆ ವರ್ಷದ ನವೆಂಬರ್ 24ರಂದು ಕಂಡುಕೊಂಡ ಪರಿಹಾರವನ್ನು ಅವರು 1872ರಲ್ಲಿ ಪ್ರಕಟಿಸಿದರು. 2ರ ವರ್ಗಮೂಲವನ್ನು 3ರ ವರ್ಗಮೂಲದಿಂದ ಗುಣಿಸಿದರೆ 6ರ ವರ್ಗಮೂಲ ಬರುತ್ತದೆ ಎಂಬಂತಹ ಮಾತುಗಳಿಗೂ, ತಮಗೆ ತಿಳಿದಮಟ್ಟಿಗೆ, ಅಲ್ಲಿಯವರೆಗೆ ನಿಜವಾದ ಸಾಧನೆ ಇರಲಿಲ್ಲ ಎಂದು ಅವರು ಅದರಲ್ಲಿ ಬರೆದಿದ್ದಾರೆ. ಆ ಸೂತ್ರವನ್ನು ಶಿಕ್ಷಕಿ ಒಂಬತ್ತನೆಯ ತರಗತಿಯಲ್ಲಿ ಪ್ರತಿವರ್ಷ ಎರಡು ನಿಮಿಷದಲ್ಲಿ ಮುಗಿಸುತ್ತಿದ್ದರು. ಅಭಾಗಲಬ್ಧ ಸಂಖ್ಯೆಗಳನ್ನು ಗುಣಿಸುವುದು ಅಂದರೆ ಏನು ಎಂದು ಕೇಳಿದರೆ ಹೇಳಲು ತಮ್ಮ ಬಳಿ ಏನೂ ಇರಲಿಲ್ಲ ಎಂಬುದು ಆಗ ಅವರಿಗೆ ಕಂಡಿತು. ಕಲಿಸಬೇಕಾದ ಒತ್ತಡದಿಂದಲೇ ಒಬ್ಬ ಗಣಿತಜ್ಞ ಅಷ್ಟು ಆಳಕ್ಕೆ ಇಳಿದದ್ದು ಅವರಿಗೆ ತಮ್ಮದೇ ಸಂಗತಿಯಂತೆ ತೋರಿತು.

ಅನಾಲಿಸಿಸ್‌ನಲ್ಲಿ ಅವರು ಸಾಧಾರಣ ಅಂಕಗಳೊಂದಿಗೆ ತೇರ್ಗಡೆಯಾದರು. ಸಾಂದ್ರತೆಯ (ಇಂಗ್ಲಿಷಿನಲ್ಲಿ ಕಾಂಪ್ಯಾಕ್ಟ್ನೆಸ್) ಪಾಠ ಅವರಿಗೆ ತುಂಬ ಇಷ್ಟವಾಯಿತು. ಅದು ಅವರ ಯಾವ ತರಗತಿಗೂ ಬರುವುದಿಲ್ಲ. ಇದನ್ನು ಬರೆದಿಡುವುದು ಅಗತ್ಯ, ಏಕೆಂದರೆ ಶಿಕ್ಷಕರಿಗೆ ಕಲಿಸುವಾಗ ಪ್ರತಿಯೊಂದನ್ನೂ ನಾಳಿನ ತರಗತಿಯ ಉಪಯೋಗದಿಂದ ಅಳೆಯುವ ಚಾಳಿ ನಮ್ಮಲ್ಲಿ ಬೆಳೆಯುತ್ತಿದೆ. ಶಾಲೆಯ ಗಣಿತದೊಂದಿಗೆ ನಂಟು ಬೇಕಾದದ್ದು ಒಳಗೆ ಕಾಲಿಡಲು. ಒಮ್ಮೆ ಒಳಗೆ ಬಂದ ಮೇಲೆ ಅವರು ಎಲ್ಲರಂತೆ ಗಣಿತದ ವಿದ್ಯಾರ್ಥಿ, ಅದರ ಸಂತೋಷಕ್ಕೆ ಪೂರ್ತಿ ಹಕ್ಕುದಾರರು.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

ಪದವಿ ನಾಲ್ಕು ವರ್ಷ ಮತ್ತು ಇನ್ನೊಂದು ಅವಧಿಯಲ್ಲಿ ಮುಗಿಯಿತು. ಕೊನೆಯ ಯೋಜನೆಗಾಗಿ ಅವರು, ಹೆಸರುಗಳನ್ನು ತೆಗೆದು, ಪೋಷಕರ ಒಪ್ಪಿಗೆ ಪಡೆದು, ತಮ್ಮ ವಿದ್ಯಾರ್ಥಿಗಳ ನೋಟ್‌ಬುಕ್ ಪುಟಗಳನ್ನು ಸಂಗ್ರಹಿಸಿ, ಗುಣಲಬ್ಧ ಸೊನ್ನೆಯಾಗುವ ನಿಯಮವನ್ನು ಮಕ್ಕಳು ಎಲ್ಲೆಲ್ಲಿ ಅಸ್ಥಾನದಲ್ಲಿ ಬಳಸುತ್ತಾರೆ ಎಂದು ವಿಂಗಡಿಸಿದರು. ಮೊದಲ ಕರಡಿನಲ್ಲಿ ಅವರು ಇತರರ ಸಂಶೋಧನೆಗಳ ಸಾರಾಂಶವನ್ನೇ ಬರೆದಿದ್ದರು; ಆ ಕರಡನ್ನು ಬಿಡುವಂತೆ ಹೇಳಿದ್ದು ಮಾರ್ಗದರ್ಶಕರು, ಅದು ಒಳ್ಳೆಯ ನಿರ್ಧಾರವಾಗಿತ್ತು.

ಎಲ್ಲವೂ ಸುಖಾಂತವಲ್ಲ. ಬಿಳಿಹಲಗೆಯ ಜೊತೆಗಾರರು ಮೂರನೆಯ ವರ್ಷ ಕಾರ್ಯಕ್ರಮ ಬಿಟ್ಟರು. ಅವರ ಮೇಲೆ ಮನೆಯ ಹೊಣೆ ಹೆಚ್ಚಿತ್ತು, ಕೋರ್ಸ್ ಅನ್ನು ಕೆಲಕಾಲ ತಡೆಹಿಡಿದು ಮತ್ತೆ ಮುಂದುವರಿಸುವ ಅವಕಾಶ ನಿಯಮಗಳಲ್ಲಿ ಇರಲಿಲ್ಲ. ಸಾಮರ್ಥ್ಯದಲ್ಲಿ ಅವರು ಶಿಕ್ಷಕಿಗಿಂತ ಕಡಿಮೆಯವರಾಗಿರಲಿಲ್ಲ. ಶಿಕ್ಷಕಿಯ ಯಶಸ್ಸನ್ನು ಅವರ ಛಲದ ಫಲವೆಂದಷ್ಟೇ ಹೇಳುವವರಿಗೆ ನಾನು ಈ ಇನ್ನೊಬ್ಬರನ್ನು ನೆನಪಿಸುತ್ತೇನೆ. ಛಲ ಇಬ್ಬರಲ್ಲೂ ಇತ್ತು. ಒಬ್ಬರಿಗೆ ನಿಧಾನವಾಗಿ ನಡೆಯುವ ಅವಕಾಶ ಸಿಕ್ಕಿತು, ಇನ್ನೊಬ್ಬರಿಗೆ ನಿಂತು ಉಸಿರಾಡುವ ಅವಕಾಶ ಸಿಗಲಿಲ್ಲ.

ಸಮಯದ ಅಭಾವವೇ ಇಂತಹ ವಿದ್ಯಾರ್ಥಿಗಳ ಮುಖ್ಯ ತೊಂದರೆ ಎಂದು ನಾನು ಮೊದಲು ನಂಬಿದ್ದೆ. ಮೊದಲ ಅವಧಿಯಲ್ಲಿ ಅವರು ವ್ಯಯಿಸಿದ ಗಂಟೆಗಳು ಬೀಜಗಣಿತದ ಅವಧಿಗಿಂತ ಹೆಚ್ಚೇ ಇದ್ದವು. ಬದಲಾದದ್ದು ಎರಡು ಸಂಗತಿ: ಸಾಧನೆಯನ್ನು ಒಪ್ಪದಿರುವ ಹಕ್ಕುಳ್ಳ ಒಬ್ಬ ಮನುಷ್ಯ ಎದುರಿಗೆ ಬಂದದ್ದು, ಮತ್ತು ಉತ್ತರ ಮೊದಲೇ ಅವರಿಗಾಗಲಿ ಮಕ್ಕಳಿಗಾಗಲಿ ತಿಳಿದಿಲ್ಲದ ಒಂದು ಪ್ರಶ್ನೆ ಅವರದೇ ತರಗತಿಯಿಂದ ಎದ್ದದ್ದು. ಮೊದಲನೆಯದನ್ನು ಕಾರ್ಯಕ್ರಮವೇ ಏರ್ಪಡಿಸಬಹುದು. ಎರಡನೆಯದನ್ನು ಏರ್ಪಡಿಸಲಾಗುವುದಿಲ್ಲ, ಅದು ಬಂದಾಗ ಅಸೈನ್‌ಮೆಂಟ್ ಅನ್ನು ಬದಿಗಿಡುವಷ್ಟು ಸಡಿಲತೆಯನ್ನು ಮಾತ್ರ ಇಟ್ಟುಕೊಳ್ಳಬಹುದು.

ಈಗ ಪ್ರವೇಶದ ಹೊತ್ತಿನಲ್ಲಿ ಅಂಕಪಟ್ಟಿಯ ಜೊತೆಗೆ ಒಂದು ಸಣ್ಣ ಮಾತುಕತೆ ಇದೆ. ಅರ್ಜಿದಾರರಿಗೆ ಅವರು ಮೊದಲು ಕಂಡಿರದ, ಆದರೆ ಶಾಲೆಯ ಗಣಿತದಿಂದಲೇ ಬಗೆಹರಿಸಬಹುದಾದ ಒಂದು ಹೇಳಿಕೆಯನ್ನು ಕೊಟ್ಟು, ಅರ್ಧ ಗಂಟೆ ಗಟ್ಟಿಯಾಗಿ ಯೋಚಿಸಲು ಕೇಳುತ್ತೇವೆ. ಯಾರನ್ನೂ ಇದರ ಮೇಲೆ ತಿರಸ್ಕರಿಸುವುದಿಲ್ಲ. ಮೊದಲ ಅವಧಿಯಲ್ಲಿ ಯಾವ ಕೋರ್ಸ್, ಎಷ್ಟು ಕೋರ್ಸ್ ಎಂದು ಅವರೊಂದಿಗೆ ಕುಳಿತು ತೀರ್ಮಾನಿಸಲು ಇದು ನೆರವಾಗುತ್ತದೆ. ಮೊದಲ ವರ್ಷ ಕೈಬರಹದ ಪುಟಗಳನ್ನೇ ತೆಗೆದುಕೊಳ್ಳುತ್ತೇವೆ. ನನ್ನ ಟಿಪ್ಪಣಿಗಳನ್ನು, ಸಾಧನೆಯಲ್ಲಿ ಸರಿಯಾಗಿರುವ ಹೆಜ್ಜೆ ಯಾವುದು ಎಂದು ಹೇಳಿದ ಮೇಲೆಯೇ ಮುಂದಿನ ಪ್ರಶ್ನೆಯನ್ನು ಕೇಳುವಂತೆ ಬರೆಯುತ್ತೇನೆ.

ಈ ಮಾತುಕತೆಗಳಲ್ಲಿ ಕೆಲವನ್ನು ಈಗ ನಡೆಸಿಕೊಡುತ್ತಿರುವವರು ಆ ಶಿಕ್ಷಕಿಯೇ. ಅವರು ಕೊಡುವ ಹೇಳಿಕೆ ಪ್ರತಿಬಾರಿ ಬದಲಾಗುತ್ತದೆ. ಕಳೆದ ಬಾರಿ ಅವರು ಹೊಸಬರೊಬ್ಬರಿಗೆ ಕೊಟ್ಟದ್ದು ಆ ಹುಡುಗಿಯ ಮುರಿದ ಊಹೆಯನ್ನು, ಎಂಟರ ಬಗ್ಗೆ ಏನೂ ಹೇಳದೆ.